ನೆಲ ಡೊಂಕು

ಬೆಳಗಿನ ತಿಂಡಿಯ ಹೊತ್ತಿಗೆ ನೀಲಿಯಪ್ಪ ಬೇರುಸಮೇತ ಕಿತ್ತ ದ್ರಾಕ್ಷಿ ಸಸಿಯೊಂದನ್ನು ತಂದು ಮೇಜಿನ ಮೇಲೆ, ರೊಟ್ಟಿ ತಟ್ಟೆಯ ಪಕ್ಕದಲ್ಲೇ ಮಲಗಿಸಿದ. ಬೇರಿನ ಮಣ್ಣು ಉದುರಿ ಬೆಣ್ಣೆ ಬಟ್ಟಲಿಗೆ ಬಿತ್ತು.

“ಅಯ್ಯೋ, ತಿನ್ನೋ ಜಾಗ ಇದು!” ಎಂದು ಅವನ ಹೆಂಡತಿ ಬಟ್ಟಲನ್ನು ಎಳೆದುಕೊಂಡಳು.

“ತಿನ್ನೋದು ಎಲ್ಲಿಂದ ಬರುತ್ತೆ ಅಂತ ಎಲ್ಲರೂ ನೋಡ್ಲಿ. ನೋಡಪ್ಪ ಮಹಾರಾಯ, ನಿನ್ನ ಬೇಸಾಯ!”

ಮಹಾರಾಯ ಎಂದದ್ದು ಕಿರಿಯ ಮಗನಿಗೆ. ಮನೆಯಲ್ಲಿ ಎಲ್ಲರೂ ಅವನನ್ನು ಚಿಕ್ಕವನು ಎನ್ನುತ್ತಿದ್ದರು. ಮೂವತ್ತು ದಾಟಿದ ಮೇಲೂ ಆ ಹೆಸರು ಬಿಟ್ಟಿರಲಿಲ್ಲ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಸಸಿಯನ್ನು ನೋಡಿದ. ಎಲೆ ಹಳದಿ, ನರ ಮಾತ್ರ ಹಸಿರು. ಬೇರು ಗಿಡ್ಡ, ದಪ್ಪ, ತುದಿಯಲ್ಲಿ ಕಂದು. ಹೋದ ವರ್ಷ ಕೆಳಗಿನ ತೋಟದ ಮುದಿ ಬಳ್ಳಿಗಳನ್ನು ತೆಗೆಸಿ ಅವನೇ ಹೊಸ ಸಸಿ ನೆಟ್ಟಿದ್ದ. ಅವು ಸತ್ತವು. ಈ ವರ್ಷ ಮತ್ತೆ ನೆಟ್ಟ. ಇವೂ ಅದೇ ದಾರಿ ಹಿಡಿದಿದ್ದವು.

“ನೀರು ಸರಿಯಾಗಿದೆ, ಗೊಬ್ಬರ ಸರಿಯಾಗಿದೆ,” ಎಂದ ಚಿಕ್ಕವನು. “ಮಣ್ಣಲ್ಲೇ ಏನೋ ಇದೆ ಅಪ್ಪ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.”

“ಗಾದೆ ಹೇಳಿದ್ರೆ ಸಸಿ ಬದುಕಲ್ಲ.”

“ನಿನ್ನ ಕೈಗೆ ಕೊಟ್ರೂ ಬದುಕ್ಲಿಲ್ವಲ್ಲ! ಮೇಲಿನ ತೋಟ ನೋಡು. ಅದೇ ಮಣ್ಣು, ಅದೇ ಬಾವಿ ನೀರು. ನಾನು ಮದುವೆಗೆ ಮುಂಚೆ ನೆಟ್ಟ ಬಳ್ಳಿಗಳು, ನಿಮ್ಮಮ್ಮನಿಗಿಂತ ಗಟ್ಟಿಯಾಗಿವೆ.”

“ನನ್ನನ್ನ ಯಾಕೆ ಮಧ್ಯೆ ಎಳೀತೀರಿ?” ಎಂದಳು ಅಮ್ಮ, ಬೆಣ್ಣೆಯಿಂದ ಮಣ್ಣು ಆರಿಸುತ್ತ.

ದೊಡ್ಡ ಮಗ ಶಾಲಾ ಬಸ್ಸಿನ ಚಾಲಕ. ಅವನು ಗಡಿಯಾರ ನೋಡಿ ಎದ್ದ. “ನನ್ನ ಬಸ್ಸಲ್ಲಿ ಮಕ್ಕಳೆಲ್ಲ ಸೇರಿ ಕಿರುಚಿದ್ರೂ ಇಷ್ಟು ಗದ್ದಲ ಇರಲ್ಲ. ನಾನು ಹೊರಟೆ.” ಜಗಳದ ವಾಸನೆ ಬಂದ ಕೂಡಲೇ ಅವನ ಬಸ್ಸಿಗೆ ಹೊತ್ತಾಗುತ್ತಿತ್ತು.

ಉಳಿದವಳು ಅವನ ಹೆಂಡತಿ, ಆ ಮನೆಯ ಸೊಸೆ. ಪೇಟೆಯ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಯಾರ ಕಡೆಯೂ ನೋಡದೆ ಚಹಾ ಕುಡಿಯುತ್ತಿದ್ದಳು. ಆದರೆ ಚಿಕ್ಕವನು ಬಿಡಬೇಕಲ್ಲ.

“ಅತ್ತಿಗೆ ಇದ್ದಾರಲ್ಲ, ಪರೀಕ್ಷೆ ಮಾಡ್ಲಿ. ಊರವರ ಮಣ್ಣನ್ನೆಲ್ಲ ನೋಡ್ತಾರೆ, ನಮ್ಮದನ್ನೂ ನೋಡ್ಲಿ.”

“ಮಾಡ್ಲಿ! ಯಾರು ಬೇಡ ಅಂದ್ರು?” ನೀಲಿಯಪ್ಪ ಮೇಜು ಗುದ್ದಿದ. “ಮಣ್ಣು ಕೆಟ್ಟಿದೆ ಅಂತ ಬಂದ್ರೆ ನಾನು ತಲೆ ಬಾಗ್ತೀನಿ. ಚೆನ್ನಾಗಿದೆ ಅಂತ ಬಂದ್ರೆ ಕೆಳಗಿನ ತೋಟ ಗೋದಾಮಿನವನಿಗೆ ಗುತ್ತಿಗೆ. ಕೇಳ್ತಾನೇ ಇದ್ದಾನೆ. ಸಿಮೆಂಟು ಹಾಕಿ ಲಾರಿ ನಿಲ್ಲಿಸ್ಕೊಳ್ಲಿ. ನೀನು ಬೇರೆ ಕೆಲಸ ನೋಡ್ಕೋ.”

ಅಮ್ಮನ ಕೈ ನಿಂತಿತು. ಚಿಕ್ಕವನಿಗೆ ಆ ತೋಟ ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ, ಬೇರೆ ಏನೂ ಬರುತ್ತಲೂ ಇರಲಿಲ್ಲ. ಅದು ಮನೆಯವರಿಗೆಲ್ಲ ಗೊತ್ತಿತ್ತು. ನೀಲಿಯಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಒಪ್ಪಿದೆ,” ಎಂದ ಚಿಕ್ಕವನು.

ನೀಲಿಯಪ್ಪ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಮೈಲುತುತ್ತ, ಸುಣ್ಣ ಕಲಸಿದ ನೀಲಿ ದ್ರಾವಣವನ್ನು ಬಳ್ಳಿಗಳಿಗೆ ಹೊಡೆದು ಹೊಡೆದು ಅವನ ಅಂಗಿ, ಟೋಪಿ, ಚಪ್ಪಲಿ, ಕಿವಿಯ ಹಾಲೆ ಎಲ್ಲಕ್ಕೂ ನೀಲಿ ಹತ್ತಿತ್ತು. ಉಗುರಿನ ಸಂದಿಯ ನೀಲಿ ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಹೆಸರನ್ನು ಅವನು ಸಂತೋಷದಿಂದಲೇ ಒಪ್ಪಿಕೊಂಡಿದ್ದ. ಅವನ ಬಳ್ಳಿಗೆ ಬೂಷ್ಟು ಹಿಡಿದದ್ದನ್ನು ಸುತ್ತಮುತ್ತ ಯಾರೂ ಕಂಡಿರಲಿಲ್ಲ. “ಮೋಡ ಕಂಡ್ರೆ ಒಂದು ಸಲ ಹೊಡೀತಾರೆ, ಮಳೆ ಬಂದ್ರೆ ಇನ್ನೊಂದು ಸಲ, ಎರಡೂ ಇಲ್ಲದಿದ್ರೆ ಬೇಜಾರಿಗೆ ಒಂದು ಸಲ,” ಎಂದು ಅಮ್ಮ ಬಟ್ಟೆ ಒಗೆಯುವಾಗ ಗೊಣಗುತ್ತಿದ್ದಳು. ಆ ಮನೆಯಲ್ಲಿ ಬಿಳಿ ಹಾಸಿಗೆ ಬಟ್ಟೆ ಎಂಬುದೇ ಇರಲಿಲ್ಲ.

ಇನ್ನೊಂದು ಗುಣವೂ ಅವನಿಗಿತ್ತು. ಏನನ್ನು ಮುಟ್ಟಿದರೂ ಮೇಲ್ಪದರ ತೆಗೆಯಬೇಕು. ರೊಟ್ಟಿಯ ಗಟ್ಟಿ ಅಂಚು ಬೇಡ. ಹಾಲಿನ ಕೆನೆ ಬೇಡ. ಕೋಸಿನ ಮೇಲಿನ ಎಲೆಗಳನ್ನು ಎಷ್ಟು ಸುಲಿಯುತ್ತಿದ್ದನೆಂದರೆ, ಅಡುಗೆಗೆ ಉಳಿಯುವುದು ಮುಷ್ಟಿಯಷ್ಟು. “ಒಳಗಿರೋದೇ ನಿಜ, ಮೇಲಿರೋದು ಧೂಳು,” ಎನ್ನುತ್ತಿದ್ದ. ಇದನ್ನು ಅವನು ತತ್ವವೆಂದುಕೊಂಡಿದ್ದ, ಅಮ್ಮ ಚಟವೆಂದುಕೊಂಡಿದ್ದಳು.

ಸೊಸೆ ಅಂದು ಸಂಜೆ ಹೇಳಿದಳು: “ಭಾನುವಾರ ರಜೆ ಇದೆ ಮಾವ. ನಾನೇ ತೋಟಕ್ಕೆ ಬಂದು ಮಣ್ಣು ತೆಗೀತೀನಿ.”

ನೀಲಿಯಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದ. “ನನ್ನ ತೋಟದ ಮಣ್ಣು ಅಗೆಯೋಕೆ ನೀನು ಬರಬೇಕಾ? ನೀನು ಹುಟ್ಟೋಕೆ ಮುಂಚಿನಿಂದ ಅಗೀತಿದ್ದೀನಮ್ಮ.”

“ಹಾಗಲ್ಲ ಮಾವ…”

“ಚೀಲ ಕೊಡು. ಎಷ್ಟು ಬೇಕು ಹೇಳು.”

ಪ್ರಯೋಗಾಲಯಕ್ಕೆ ಬರುವ ಪ್ರತಿ ರೈತನಿಗೂ ಅವಳು ಹೇಳುವ ಮಾತೊಂದಿತ್ತು: ಮೇಲಿನ ಕಸಕಡ್ಡಿ ಮಾತ್ರ ಸರಿಸಿ, ನೆಲದ ಮಟ್ಟದಿಂದ ಒಂದು ಗೇಣು ಆಳದವರೆಗೆ ತೆಗೆಯಿರಿ, ಹಿತ್ತಾಳೆ ತಾಮ್ರದ ಪಾತ್ರೆ ಮುಟ್ಟಿಸಬೇಡಿ. ದಿನಕ್ಕೆ ಹತ್ತು ಸಲ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಮಾವನ ಮುಂದೆ ಮಾತ್ರ ಬಾಯಿ ಬರಲಿಲ್ಲ. ಮೀನಿಗೆ ಈಜು ಕಲಿಸಿದ ಹಾಗಾಗುತ್ತದೆ ಎನಿಸಿತು. “ಸಾಲಿಗೆ ಒಂದೆರಡು ಹಿಡಿ ಸಾಕು ಮಾವ, ಎಲ್ಲ ಬೆರೆಸಿಬಿಡಿ. ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ,” ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದಳು.

ನೀಲಿಯಪ್ಪ ಆ ಕೆಲಸವನ್ನು ಪೂಜೆಯಷ್ಟು ಶ್ರದ್ಧೆಯಿಂದ ಮಾಡಿದ. ಚಿಕ್ಕವನನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಒಂದು ಬಕೆಟ್, ಒಂದು ಬುಟ್ಟಿ, ಒಂದು ಸಲಿಕೆ ಹಿಡಿದು ಸಾಲು ಸಾಲೂ ತಿರುಗಿದ. ಬಕೆಟ್ಟಿನಲ್ಲಿ ಪರೀಕ್ಷೆಯ ಮಣ್ಣು. ಬುಟ್ಟಿಯಲ್ಲಿ ತಂದದ್ದನ್ನು ಅಡುಗೆಮನೆಯ ಹಿಂದೆ ಸುರಿದು, “ತಗೋ, ನಿನ್ನ ತೊಟ್ಟಿಗಳಿಗೆ. ಮಣ್ಣು ಮಣ್ಣು ಅಂತ ಪ್ರಾಣ ತಿಂತಿದ್ದೆಯಲ್ಲ,” ಎಂದ. ಅಮ್ಮ ಅದನ್ನು ಒಡಕು ಬಕೆಟ್ಟುಗಳಿಗೂ ಹಳೆಯ ಡಬ್ಬಗಳಿಗೂ ತುಂಬಿ ಬೀನ್ಸ್ ಬೀಜ ಊರಿದಳು. ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಚೀಲ ತುಂಬಿ, ಬಾಯಿ ಕಟ್ಟಿ, ಬಾಗಿಲ ಬಳಿ ಕಾದಿತ್ತು.

ಆ ತಿಂಗಳು ಪ್ರಯೋಗಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಲುತುತ್ತದ ತಾಮ್ರ ಸುತ್ತಲಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಬೇರು ಸುಡುವಷ್ಟು ಉಳಿದಿದೆಯೇ ಎಂದು ಅಳೆಯುವ ಕೆಲಸ ಬಂದಿತ್ತು. ತಟ್ಟೆಗಳಲ್ಲಿ ಮಣ್ಣು ಒಣಗಿಸುವುದು, ಮರದ ಕೊಡತಿಯಿಂದ ಕುಟ್ಟುವುದು, ಜರಡಿ ಹಿಡಿಯುವುದು, ತೂಗಿ ಆಮ್ಲದಲ್ಲಿ ಕುದಿಸುವುದು, ಸೋಸಿದ ತಿಳಿಯನ್ನು ಯಂತ್ರದ ಜ್ವಾಲೆಗೆ ಕೊಟ್ಟು ಅಂಕಿ ಓದುವುದು. ಸೊಸೆಯ ಮೂಗಿನೊಳಗೆಲ್ಲ ಧೂಳು. ಮಾವನ ಚೀಲವೂ ಸರದಿಯಲ್ಲಿ ನಿಂತಿತು.

ಮನೆಯಲ್ಲಿ ಯಾರಿಗೂ ಸರದಿಯ ತಾಳ್ಮೆ ಇರಲಿಲ್ಲ. ಅವಳು ಚಪ್ಪಲಿ ಬಿಡುವ ಮೊದಲೇ ಮಾವ ಕೆಮ್ಮುತ್ತಿದ್ದ, ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನೀರು ಕೇಳುತ್ತಿದ್ದ.

“ಬಂತಾ?”

“ಇನ್ನೂ ಒಣಗ್ತಿದೆ.”

ಮರುದಿನ, “ಬಂತಾ?”

“ಬಂದ್ರೆ ನಾನೇ ಹೇಳಲ್ವಾ? ನೀರು ಕುಡಿದು ಕುಡಿದು ನಿನ್ನ ಹೊಟ್ಟೆ ಕೆರೆಯಾಗುತ್ತೆ.”

ಕೊನೆಗೆ ಬಂತು. ಸೊಸೆ ಅಂಕಿಯನ್ನು ಎರಡು ಸಲ ಓದಿದಳು. ತಾಮ್ರ ತೀರಾ ಕಡಿಮೆ. ಯಾರೂ ಉಳದ ಗುಡ್ಡದ ಮಣ್ಣಿನಲ್ಲಿರುವಷ್ಟು. ದಾರಿಯುದ್ದಕ್ಕೂ ಆ ಕಾಗದ ಅವಳ ಚೀಲದಲ್ಲಿ ಬಿಸಿತುಪ್ಪವಾಗಿತ್ತು.

ರಾತ್ರಿ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದರು. ಯಾರೂ ಬಡಿಸಿಕೊಳ್ಳಲಿಲ್ಲ.

“ಹೇಳಮ್ಮ,” ಎಂದ ನೀಲಿಯಪ್ಪ.

“ಮಣ್ಣಲ್ಲಿ ತೊಂದರೆ ಏನೂ ಕಾಣ್ತಿಲ್ಲ ಮಾವ. ತಾಮ್ರ ಕಡಿಮೆ ಇದೆ.”

ನೀಲಿಯಪ್ಪ ಹಿಗ್ಗಿದ. ಆ ಹಿಗ್ಗಿನಲ್ಲಿ ಒಂದು ಗುಟುಕು ನೀರು ಕುಡಿದು ಸುಮ್ಮನಾಗಿದ್ದರೆ ಮುಗಿದುಹೋಗುತ್ತಿತ್ತು. ಗೆದ್ದವನಿಗೆ ಸುಮ್ಮನಿರುವುದು ಸೋತವನಿಗಿಂತ ಕಷ್ಟ.

“ಕೇಳಿದ್ಯಾ? ನೆಲ ನೆಟ್ಟಗಿದೆಯಂತೆ!”

ಚಿಕ್ಕವನು ಅತ್ತಿಗೆಯ ಮುಖ ನೋಡಿದ. “ಸರಿಯಾಗಿ ನೋಡಿದ್ರಾ ಅತ್ತಿಗೆ?”

“ಅವಳ ಮೇಲೂ ಅನುಮಾನವಾ?” ಎಂದ ನೀಲಿಯಪ್ಪ. “ಮಣ್ಣು ಸರಿಯಿಲ್ಲ, ಯಂತ್ರ ಸರಿಯಿಲ್ಲ, ಅತ್ತಿಗೆ ಸರಿಯಿಲ್ಲ. ಸರಿಯಿರೋನು ನೀನೊಬ್ಬ. ನಿನ್ನ ಕೈಯೇ ವಿಷ ಕಣೋ. ನೀನು ಮುಟ್ಟಿದ್ದು ಯಾವುದೂ ಚಿಗುರಲ್ಲ.”

“ರೀ!” ಎಂದಳು ಅಮ್ಮ.

ಬಸ್ಸಿನವನಿಗೂ ಅಂದು ಏಳಲು ನೆಪ ಸಿಗಲಿಲ್ಲ. ಚಿಕ್ಕವನು ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆ ಸಸಿಗಳಿಗೆ ಬಿಸಿಲು ತಾಗದಿರಲೆಂದು ಒಂದೊಂದಕ್ಕೂ ಹಳೆಯ ಪತ್ರಿಕೆಯ ಕೊಡೆ ಮಾಡಿದ್ದ ಕೈಗಳು ಅವು. ಕುರ್ಚಿಯನ್ನು ಸದ್ದಾಗದಂತೆ ಸರಿಸಿ ಎದ್ದು ಹೋದ. ಬೆಳಗಾದಾಗ ಅವನ ಹಾಸಿಗೆ ಮಡಿಸಿತ್ತು.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು,” ಎಂದಳು ಅಮ್ಮ ಗಂಡನಿಗೆ. “ಹೋಗಿ ಈಗ ಹೆಕ್ಕಿಕೊಂಡು ಬನ್ನಿ.”

“ಹೊಟ್ಟೆ ಹಸಿದ್ರೆ ಬರ್ತಾನೆ.”

ಬರಲಿಲ್ಲ. ಪೇಟೆಯ ಅಂಚಿನಲ್ಲಿ ಹಳೆಯ ಗಾಜಿನ ಬಾಟಲಿ ತೊಳೆಯುವ ಕಾರ್ಖಾನೆಯೊಂದಿತ್ತು. ಚಿಕ್ಕವನು ಅಲ್ಲಿ ಸೇರಿ, ಜೊತೆಯ ಕೆಲಸಗಾರನೊಬ್ಬನ ಕೋಣೆಯಲ್ಲಿ ಚಾಪೆ ಹಾಸಿಕೊಂಡಿದ್ದಾನೆಂದು ದೊಡ್ಡವನು ಸುದ್ದಿ ತಂದ. ಅಮ್ಮ ಅಂದೇ ಸ್ಟೀಲಿನ ಡಬ್ಬಿಗೆ ಊಟ ತುಂಬಿ ಬಸ್ಸಿನಲ್ಲಿ ಕಳಿಸಿದಳು. ಡಬ್ಬಿ ಮುಚ್ಚಳ ತೆರೆಯದೆ ಹಾಗೇ ವಾಪಸು ಬಂತು.

“ಡಬ್ಬಿ ಬೇಡವಂತೆ,” ಎಂದ ದೊಡ್ಡವನು ತಲೆ ಕೆರೆದುಕೊಂಡು. “ಡಬ್ಬಿ ಇಟ್ಕೊಂಡ್ರೆ ವಾಪಸ್ ಕೊಡೋಕೆ ಮನೆಗೆ ಬರಬೇಕಾಗುತ್ತೆ ಅಂತಾನೆ. ಕಾಗದದಲ್ಲಿ ಕಟ್ಟಿಕೊಟ್ರೆ ತಿಂತಾನಂತೆ.”

“ನೀನು ತರೋಕೆ ಆಗಲ್ವಾ ಡಬ್ಬಿ?”

“ನಾನೂ ಅದನ್ನೇ ಅಂದೆ. ‘ಅಣ್ಣಾ, ಕಾಗದ’ ಅಂದ, ಅಷ್ಟೇ.”

ಅಮ್ಮ ಅತ್ತಳು. ಅತ್ತು ಮುಗಿಸಿ, ಪತ್ರಿಕೆಯ ಹಾಳೆ ಹುಡುಕಿದಳು. ಅಂದಿನಿಂದ ದಿನವೂ ರೊಟ್ಟಿ, ಮೊಟ್ಟೆ ಕಾಗದದಲ್ಲಿ ಹೋಗತೊಡಗಿದವು. ಸಾರು ಹೋಗಲಾರದು, ಪಲ್ಯ ಹೋದರೂ ಎಣ್ಣೆ ಸೋರುತ್ತದೆ. ಸಾರಿಲ್ಲದೆ ಮಗ ಒಣಗುತ್ತಾನೆಂದು ಅವಳಿಗೆ ಬೇರೆ ಚಿಂತೆ.

ಮನೆಯಲ್ಲಿ ಯಾರ ಮನಸ್ಸೂ ನಿಲ್ಲಲಿಲ್ಲ. ನೀಲಿಯಪ್ಪ ತಿಂಡಿ ಅರ್ಧಕ್ಕೆ ಬಿಟ್ಟು ತೋಟಕ್ಕೆ ಹೋಗುವನು, ಅಲ್ಲಿಂದ ಏನೋ ಮರೆತೆನೆಂದು ಬರುವನು, ಬಂದು ಏನೆಂದು ನೆನಪಾಗದೆ ಮತ್ತೆ ಹೋಗುವನು. ಮೋಡ ಕವಿಯಿತು. ಔಷಧಿ ಹೊಡೆಯಬೇಕು, ಪೈಪು ಹಿಡಿಯುವವರಿಲ್ಲ. ರಜೆಯ ದಿನ ದೊಡ್ಡವನನ್ನು ಕರೆದೊಯ್ದ. ದೊಡ್ಡವನು ಗಾಳಿ ಯಾವ ಕಡೆಯೆಂದು ನೋಡದೆ ಪೈಪು ಬಿಟ್ಟು, ತಲೆಯಿಂದ ಕಾಲಿನವರೆಗೆ ನೀಲಿಯಾಗಿ ಬಂದು ಅಂಗಳದಲ್ಲಿ ನಿಂತ.

“ಈ ಮುಖ ಹೊತ್ತು ಬಸ್ ಓಡಿಸಿದ್ರೆ ಮಕ್ಕಳು ಹತ್ತುತ್ತವಾ?”

ಅಮ್ಮ ಎಷ್ಟೋ ದಿನದ ಮೇಲೆ ನಕ್ಕಳು. ನಗು ಅರ್ಧದಲ್ಲೇ ನಿಂತುಹೋಯಿತು. “ಅವನಾಗಿದ್ರೆ ಒಂದು ಹನಿ ಮೈಮೇಲೆ ಬೀಳ್ತಿರಲಿಲ್ಲ,” ಎಂದಳು. ನೀಲಿಯಪ್ಪ ಕೇಳದವನಂತೆ ಚಪ್ಪಲಿಯ ಮಣ್ಣು ಕೆರೆಯುತ್ತ ಕೂತ. ಬಹಳ ಹೊತ್ತು ಕೆರೆದ. ಗೋದಾಮಿನವನು ಎರಡು ಸಲ ಹೇಳಿಕಳಿಸಿದ್ದ, ಎರಡು ಸಲವೂ ನೀಲಿಯಪ್ಪ ‘ನಾಳೆ’ ಎಂದಿದ್ದ.

ಸೊಸೆಯ ನೆಮ್ಮದಿ ಕೆಡಿಸಿದ್ದು ಬೇರೆ. ಪ್ರಯೋಗಾಲಯದಲ್ಲಿ ಸುತ್ತಲಿನ ತೋಟಗಳ ಅಂಕಿಗಳು ಒಂದೊಂದಾಗಿ ಬರುತ್ತಿದ್ದವು. ಎಲ್ಲವೂ ಹೆಚ್ಚು. ಮಾವನಷ್ಟು ಮೈಲುತುತ್ತ ಸುರಿಯದವರದ್ದೂ ಹೆಚ್ಚು. ಸೋಮಾರಿ ಎಂದು ಹೆಸರಾದವನ ತೋಟದಲ್ಲೂ ಹೆಚ್ಚು. ಎಲ್ಲರಿಗಿಂತ ಹೆಚ್ಚು ಹೊಡೆದವನ ಮಣ್ಣು ಮಾತ್ರ ಎಲ್ಲರಿಗಿಂತ ಚೊಕ್ಕ.

ಗಂಡನಿಗೆ ಹೇಳಿದಳು. “ಬಿಡು ಮಾರಾಯ್ತಿ, ಅಪ್ಪನ ಮಣ್ಣು ಚಿನ್ನ,” ಎಂದು ಅವನು ಮಗ್ಗುಲು ಬದಲಿಸಿದ.

“ಹೊಡೆದದ್ದು ಎಲ್ಲಿಗೆ ಹೋಯ್ತು ಹೇಳು. ತಾಮ್ರ ಆವಿಯಾಗಿ ಹೋಗಲ್ಲ.”

“ಅದೆಲ್ಲ ನಂಗೆ ಗೊತ್ತಿಲ್ಲ. ಒಂದು ಸಲ ನಿನ್ನ ಮಾತಿನಿಂದ ಮನೆ ಎರಡಾಯ್ತು. ಮತ್ತೊಂದು ಸಲ ಹೇಳಿ ನಾಲ್ಕು ಮಾಡಬೇಡ.”

ಆ ಮಾತು ಅವಳಿಗೆ ನಾಟಿತು. ಮರುದಿನ ಕಪಾಟಿನಿಂದ ಮಾವನ ಚೀಲ ತೆಗೆದು, ಉಳಿದಿದ್ದ ಮಣ್ಣನ್ನು ಬಿಳಿ ಕಾಗದದ ಮೇಲೆ ಹರವಿದಳು. ಹಳದಿ ಜೇಡಿ, ಹೆಂಟೆ ಹೆಂಟೆ. ಒಂದು ಎಳೆ ಬೇರಿಲ್ಲ, ಕೊಳೆತ ಎಲೆಯ ಚೂರಿಲ್ಲ. ಪಕ್ಕದ ತಟ್ಟೆಯಲ್ಲಿದ್ದ ಬೇರೊಂದು ತೋಟದ ಮಣ್ಣು ಕಪ್ಪಗೆ, ನಾರುನಾರಾಗಿತ್ತು. ಇದನ್ನು ಮೊದಲ ದಿನವೇ ನೋಡಬಹುದಿತ್ತು. ನೋಡಿದ್ದರೂ ಕಂಡಿರಲಿಲ್ಲ, ಮಾವ ಕೊಟ್ಟದ್ದಲ್ಲವೇ.

ಅಂದು ಸಂಜೆ ಅತ್ತೆ ಸೊಸೆ ಇಬ್ಬರೂ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಅಮ್ಮನ ಕಣ್ಣು ತೊಟ್ಟಿಗಳ ಮೇಲೆ.

“ಈ ಬೀನ್ಸಿಗೆ ಏನು ದೊಡ್ಡ ರೋಗ ಬಂದಿದೆಯೋ. ಮೊಳಕೆ ಬಂತು, ಆಮೇಲೆ ಗೇಣುದ್ದ ಏಳ್ಲಿಲ್ಲ. ನೋಡು, ಅರಿಶಿನ ಬಳಿದ ಹಾಗೆ. ಕೆದಕಿದ್ರೆ ಒಂದು ಎರೆಹುಳಾನೂ ಇಲ್ಲ. ನಾನು ಮುಟ್ಟಿದ್ದೂ ಚಿಗುರಲ್ಲ ಅಂತಾಯ್ತು. ಮಗನಿಗೆ ಅಂದಿದ್ದು ತಾಯಿಗೂ ತಗುಲ್ತು.”

ಸೊಸೆ ಬೂದಿಯ ಕೈಯಲ್ಲೇ ಬಗ್ಗಿ ನೋಡಿದಳು. ಎಲೆ ಹಳದಿ, ನರ ಮಾತ್ರ ಹಸಿರು. “ಅತ್ತೆ, ಈ ಮಣ್ಣು ಎಲ್ಲಿಂದ ತಂದ್ರಿ?”

“ನಾನೆಲ್ಲಿ ತರ್ಲಿ, ನಿನ್ನ ಮಾವ ತಂದು ಸುರಿದಿದ್ದು. ಅವತ್ತು ನಿನಗೆ ಮಣ್ಣು ತೆಗೆದ್ರಲ್ಲ, ಆಗ ಮೇಲಿಂದು ಕೆತ್ತಿದ್ದು. ಗೊತ್ತಲ್ಲ ಅವರ ಬುದ್ಧಿ. ರೊಟ್ಟಿ ಅಂಚು ಕೆತ್ತೋ ಹಾಗೆ ನೆಲಾನೂ ಗೇಣು ಆಳ ಕೆತ್ತಿ, ಕೊಳೆ ಅಂತ ನಂಗೆ ಕೊಟ್ರು. ಕೆಳಗಿನ ಚೊಕ್ಕ ಮಣ್ಣು ನಿನಗೆ.”

ಸೊಸೆಯ ಕೈಯಿಂದ ಪಾತ್ರೆ ಜಾರಿ ಕಲ್ಲಿನ ಮೇಲೆ ಬಿತ್ತು.

“ಏನಾಯ್ತೇ?”

“ನನ್ನ ತಪ್ಪು ಅತ್ತೆ. ಹೇಗೆ ತೆಗೀಬೇಕು ಅಂತ ನಾನು ಮಾವನಿಗೆ ಹೇಳಲೇ ಇಲ್ಲ.” ಅವಳು ತೊಟ್ಟಿಯ ಮಣ್ಣನ್ನು ಬೆರಳಿನಿಂದ ಕೆದಕಿದಳು. “ತಾಮ್ರ ಕೆಳಗಿಳಿಯಲ್ಲ. ಹೊಡೆದದ್ದೆಲ್ಲ ಮೇಲಿನ ಒಂದು ಗೇಣಲ್ಲೇ ಕೂತಿರುತ್ತೆ. ಅದನ್ನೇ ಕೆತ್ತಿ ಇಲ್ಲಿ ಹಾಕಿದ್ದಾರೆ.”

ಅಮ್ಮ ತೊಟ್ಟಿಗಳನ್ನೂ ಸೊಸೆಯನ್ನೂ ನೋಡಿದಳು. ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. “ಹಾಗಾದ್ರೆ ನನ್ನ ಮಗನ ಕೈ…” ಎಂದು ನಿಲ್ಲಿಸಿದಳು. ಆಮೇಲೆ ಬೂದಿ ಮೆತ್ತಿದ ಕೈಯಿಂದ ಸೊಸೆಯ ಭುಜ ಹಿಡಿದು, “ತಗೊಂಡು ಹೋಗು. ಎಲ್ಲ ತೊಟ್ಟಿದೂ ತಗೊಂಡು ಹೋಗು,” ಎಂದಳು.

ಈ ಸಲ ಯಂತ್ರ ಅಂಕಿಯನ್ನೇ ಕೊಡಲಿಲ್ಲ. ತನ್ನ ಅಳತೆಗೆ ಮೀರಿದೆ ಎಂದು ಗುರುತು ತೋರಿಸಿತು. ಸೊಸೆ ದ್ರಾವಣಕ್ಕೆ ನೀರು ಸೇರಿಸಿ ತೆಳುಮಾಡಿ ಮತ್ತೆ ಕೊಟ್ಟಳು. ಆಗಲೂ ಬಂದ ಅಂಕಿ ನಂಬಲು ಕಷ್ಟವಾಗಿತ್ತು. ಬೇರೆ ತೊಟ್ಟಿಯ ಮಣ್ಣು, ಬೇರೆ ಗಾಜು, ಮತ್ತೊಮ್ಮೆ. ಅವಳ ಮೇಲಧಿಕಾರಿ ಬಂದು ಇಣುಕಿ, “ಇದು ಯಾರ ತೋಟ? ಗಣಿಯೋ ಏನು?” ಎಂದಳು. ಆ ತಿಂಗಳು ಬಂದ ಚೀಲಗಳಲ್ಲೆಲ್ಲ ಇದರಷ್ಟು ತಾಮ್ರ ಯಾವುದರಲ್ಲೂ ಇರಲಿಲ್ಲ.

“ನಮ್ಮದೇ,” ಎಂದಳು ಸೊಸೆ.

ಭಾನುವಾರ ಬೆಳಿಗ್ಗೆ ನೀಲಿಯಪ್ಪ ಹಿತ್ತಲಿನಲ್ಲಿ ಸಲಿಕೆ ತೊಳೆಯುತ್ತಿದ್ದ. ಗೋದಾಮಿನವನು ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿದ್ದ. ಸೊಸೆ ಹೋಗಿ ಎದುರಿಗೆ ನಿಂತಳು. ಅಮ್ಮ ಬಾಗಿಲಲ್ಲಿ. ದೊಡ್ಡವನು ಬಸ್ಸಿಲ್ಲದ ದಿನವಾದ್ದರಿಂದ ಸಿಕ್ಕಿಬಿದ್ದು, ಕಿಟಕಿಯಲ್ಲಿ.

“ಮಾವ, ನಾನು ತಪ್ಪು ಹೇಳಿದ್ದೆ.”

ಅವಳು ಎಲ್ಲವನ್ನೂ ಹೇಳಿದಳು. ನೀಲಿಯಪ್ಪ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕಡ್ಡಿ ಮುರಿದಂತೆ ಹೇಳಿದ: “ಸುಳ್ಳು. ಮೇಲಿನ ತೋಟದ ಬಳ್ಳಿಗೆ ನಾನು ಇದಕ್ಕಿಂತ ಹೆಚ್ಚು ಹೊಡೆದಿದ್ದೀನಿ. ಅವು ಯಾಕೆ ಸಾಯ್ಲಿಲ್ಲ?”

“ಅವುಗಳ ಬೇರು ಯಾವತ್ತೋ ಆಳಕ್ಕೆ ಇಳಿದಿದೆ. ತಾಮ್ರ ಇಲ್ಲದ ಕಡೆ. ಸಸಿಯ ಬೇರು ಇನ್ನೂ ಮೇಲಿನ ಗೇಣಲ್ಲೇ ಇರುತ್ತೆ. ಅದು ಇಳಿಯೋಕೆ ಮುಂಚೆ ಸುಟ್ಟುಹೋಗ್ತಿದೆ.”

“ಮೈಲುತುತ್ತ ಬಳ್ಳೀನ ಉಳಿಸುತ್ತೆ, ಸಾಯಿಸಲ್ಲ.”

“ಉಳಿಸಿದೆ ಮಾವ. ನೀವು ಉಳಿಸಿದ್ದೀರಿ. ಆದ್ರೆ ಅದು ಹೋಗಿಲ್ಲ, ಅಲ್ಲೇ ಕೂತಿದೆ.”

“ಬೀನ್ಸ್ ಕಿತ್ತು ನೋಡಿ,” ಎಂದಳು ಅಮ್ಮ ಬಾಗಿಲಿನಿಂದ.

“ನೀನು ಸುಮ್ನಿರು.”

“ಇಷ್ಟು ದಿನ ಸುಮ್ನಿದ್ದೆ. ಕಿತ್ತು ನೋಡಿ ಅಂದೆ.”

ನೀಲಿಯಪ್ಪ ಬಗ್ಗಿ ಒಂದು ಗಿಡ ಕಿತ್ತ. ಬೇರು ಗಿಡ್ಡ, ದಪ್ಪ, ತುದಿಯಲ್ಲಿ ಕಂದು. ಇನ್ನೊಂದನ್ನು ಕಿತ್ತ. ಮತ್ತೊಂದು. ಎಲ್ಲವನ್ನೂ ತೊಟ್ಟಿಯ ಅಂಚಿನ ಮೇಲೆ ಸಾಲಾಗಿ ಇಟ್ಟ. ಅವನೇ ತಂದು ಬೆಣ್ಣೆಯ ಪಕ್ಕದಲ್ಲಿ ಮಲಗಿಸಿದ್ದ ಸಸಿಯ ಬೇರನ್ನು ಅಲ್ಲಿ ಯಾರೂ ಮರೆತಿರಲಿಲ್ಲ.

“ಮಳೆಗೆ ಕೊಚ್ಚಿ ಹೋಗುತ್ತಾ?” ಎಂದು ಕೇಳಿದ. ದನಿ ಇಳಿದಿತ್ತು.

“ಇಲ್ಲ ಮಾವ.”

“ಉಳುಮೆ ಮಾಡಿದ್ರೆ?”

“ಬೆರೆಯುತ್ತೆ ಅಷ್ಟೇ. ಸುಣ್ಣ ಹಾಕಬಹುದು, ಸೊಪ್ಪು ಗೊಬ್ಬರ ಹಾಕಬಹುದು, ಗುಂಡಿ ಆಳ ತೆಗೆದು ಬೇರೆ ಮಣ್ಣು ತುಂಬಿ ನೆಡಬಹುದು. ಕಷ್ಟ, ಆದ್ರೆ ಆಗುತ್ತೆ. ಇನ್ನು ಮೇಲೆ ಹೊಡೆಯೋದು ಕಡಿಮೆ ಮಾಡಬೇಕು. ಇರೋದು ಮಾತ್ರ ಹೋಗಲ್ಲ.”

“ನನ್ನ ಕಾಲಕ್ಕೆ?”

“ನಮ್ಮ ಯಾರ ಕಾಲಕ್ಕೂ ಹೋಗಲ್ಲ.”

ನೀಲಿಯಪ್ಪ ನಲ್ಲಿಯ ಬಳಿ ಹೋಗಿ ಕೈ ತೊಳೆದ. ಸಾಬೂನು ಹಚ್ಚಿ ಮತ್ತೆ ತೊಳೆದ. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದ. ನಲ್ಲಿ ನಿಲ್ಲಿಸಿ, ಒದ್ದೆ ಕೈ ಅಂಗಿಗೆ ಒರೆಸಿಕೊಳ್ಳದೆ ಹಾಗೇ ಇಳಿಬಿಟ್ಟು ಒಳಗೆ ಹೋದ. ಮಧ್ಯಾಹ್ನ ಗೋದಾಮಿನವನು ಬಂದಾಗ ಬಾಗಿಲು ಪೂರ್ತಿ ತೆಗೆಯಲೂ ಇಲ್ಲ. “ಆ ತೋಟ ನನ್ನದಲ್ಲ. ನನ್ನ ಮಗನದು. ಅವನು ಊರಲ್ಲಿಲ್ಲ,” ಎಂದ.

ಸೋಮವಾರ ಅಮ್ಮ ಕಾಗದ ಹರವಿ ರೊಟ್ಟಿ ಸುತ್ತುತ್ತಿದ್ದಳು. ನೀಲಿಯಪ್ಪ ಒಗೆದ ಅಂಗಿ ತೊಟ್ಟು ಬಂದು ನಿಂತ. “ಡಬ್ಬಿಗೆ ಹಾಕು.”

“ತಗೊಳ್ಳಲ್ಲ ಅವನು.”

“ಸಾರೂ ಹಾಕು. ನಾನು ಕೊಟ್ಟು ಬರ್ತೀನಿ.”

ಅಮ್ಮ ಅವನ ಮುಖ ನೋಡಿ, ಎದುರು ಮಾತಾಡದೆ ಡಬ್ಬಿ ಇಳಿಸಿದಳು.

ಕಾರ್ಖಾನೆಯ ಗೇಟಿನ ಬಳಿ ನೆರಳಿರಲಿಲ್ಲ. ಒಳಗೆ ಬಾಟಲಿಗಳ ಕಣಕಣ ಸದ್ದು, ಸೋಡಾ ಪುಡಿಯ ವಾಸನೆ. ಊಟದ ಗಂಟೆ ಹೊಡೆದಾಗ ಜನ ಹೊರಗೆ ಬಂದರು. ಚಿಕ್ಕವನು ರಬ್ಬರ್ ಬೂಟು ಹಾಕಿಕೊಂಡು ಕೊನೆಗೆ ಬಂದ. ಅಪ್ಪನನ್ನು ಕಂಡು ನಿಂತ. ಬಿಸಿನೀರಿನಲ್ಲಿ ನೆಂದು ಅವನ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

“ಅಣ್ಣ ಬರ್ಲಿಲ್ವಾ?”

“ನಾನು ಬಂದೆ.”

“ಹೂಂ.”

ನೀಲಿಯಪ್ಪ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಗೇಟಿನವನು ನೋಡುತ್ತಿದ್ದ. ಬೀದಿಯಲ್ಲಿ ಲಾರಿಯೊಂದು ಹೋಯಿತು.

“ನೆಲ ಡೊಂಕೇ ಕಣೋ,” ಎಂದ.

ಚಿಕ್ಕವನು ಅರ್ಥವಾಗದೆ ನೋಡಿದ.

“ಮಣ್ಣು ತೆಗೆಯೋದ್ರಲ್ಲಿ ನಾನು ತಪ್ಪು ಮಾಡಿದ್ದೆ. ಮೇಲಿನದು ಕೆತ್ತಿ ಪಕ್ಕಕ್ಕೆ ಹಾಕಿದೆ. ವಿಷ ಇದ್ದಿದ್ದೇ ಅದರಲ್ಲಿ. ನಿಮ್ಮತ್ತಿಗೆ ಮತ್ತೆ ನೋಡಿದ್ಲು.” ಉಸಿರು ಎಳೆದುಕೊಂಡ. “ನೆಲ ಡೊಂಕಾಗಿತ್ತು. ಡೊಂಕು ಮಾಡಿದ್ದು ನಾನು. ಕುಣಿಯೋಕೆ ನಿನ್ನನ್ನ ಬಿಟ್ಟೆ.”

ಚಿಕ್ಕವನು ಬಹಳ ಹೊತ್ತು ಬೂಟಿನ ತುದಿ ನೋಡಿದ. “ನನ್ನ ಕೈ ವಿಷ ಅಂದೆ ಅಪ್ಪ ನೀನು.”

“ಅಂದೆ.”

“ಎಲ್ಲರೆದುರು.”

ನೀಲಿಯಪ್ಪ ಡಬ್ಬಿಯನ್ನು ನೆಲಕ್ಕಿಟ್ಟ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದ, ನೀಲಿ ಉಗುರುಗಳು ಮೇಲಾಗುವಂತೆ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಗೇಟಿನವನೂ ಕಂಡು, ಮುಖ ಆಚೆ ತಿರುಗಿಸಿದ.

“ಕೈ ಇಳಿಸು,” ಎಂದ ಚಿಕ್ಕವನು ಕೊನೆಗೆ. “ಜನ ನೋಡ್ತಿದ್ದಾರೆ.”

ಇಳಿಸಿದ.

“ಸಸಿಗೆ ನೀರು ಯಾರು ಹಾಕ್ತಿದ್ದಾರೆ?”

“ನಾನೇ. ಉಳಿದಿರೋದಕ್ಕೆ.”

“ಸಂಜೆ ಹಾಕಬೇಡ, ಬೆಳಿಗ್ಗೆ ಹಾಕು. ಕಾಗದದ ಕೊಡೆ ಹರಿದಿದ್ರೆ ಬದಲಾಯಿಸು.”

“ಆಯ್ತು.”

ಒಳಗೆ ಮತ್ತೆ ಗಂಟೆ ಹೊಡೆಯಿತು. ಮಾತಿನಲ್ಲೇ ಊಟದ ಹೊತ್ತು ಮುಗಿದಿತ್ತು. ಚಿಕ್ಕವನು ತಿರುಗಿ ಎರಡು ಹೆಜ್ಜೆ ಹೋದ. ನಿಂತ. ವಾಪಸು ಬಂದು, ನೆಲದ ಮೇಲಿದ್ದ ಡಬ್ಬಿ ಎತ್ತಿಕೊಂಡು ಹೋದ.

ನೀಲಿಯಪ್ಪ ಮನೆ ಮುಟ್ಟುವಾಗ ಅಮ್ಮ ಹೊಸ್ತಿಲಲ್ಲೇ ಇದ್ದಳು. ಪಕ್ಕದಲ್ಲಿ, ಅಂದು ಬೇಗ ಬಂದಿದ್ದ ಸೊಸೆ.

“ಏನಂದ?”

“ಏನೂ ಅನ್ನಲಿಲ್ಲ. ನೀರು ಬೆಳಿಗ್ಗೆ ಹಾಕು ಅಂದ.”

“ಬರ್ತೀನಿ ಅಂದ್ನಾ?”

“ಇಲ್ಲ.”

ಅಮ್ಮನ ಮುಖ ಸಣ್ಣದಾಯಿತು. ಅವಳು ಒಳಗೆ ಹೋಗಲು ತಿರುಗಿ, ಗಂಡನ ಖಾಲಿ ಕೈಗಳನ್ನು ಕಂಡು ನಿಂತಳು.

“ಡಬ್ಬಿ ಎಲ್ಲಿ?”

“ಅವನ ಹತ್ರ ಇದೆ.”

ಅಮ್ಮ ಸೊಸೆಯನ್ನು ನೋಡಿದಳು, ಸೊಸೆ ಅಮ್ಮನನ್ನು ನೋಡಿದಳು. ನೀಲಿಯಪ್ಪ ಮೂಲೆಯಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟನ್ನು ತೆಗೆದುಕೊಂಡು, ಕೊಡೆ ಮಾಡುವುದು ಹೇಗೆಂದು ಸೊಸೆಯನ್ನು ಕೇಳಿದ.